ಹದಿನೇಳನೇ ಚುಕ್ಕಿ

ಸೋಹಾರಿನ ಕ್ಯಾಂಪು, ಶುಕ್ರವಾರ, ಮಗ್ರಿಬ್ ಬಾಂಗು ಮುಗಿದ ಮೇಲೆ
ಒಂಬತ್ತನೇ ರೂಮಿನ ಕೆಳಮಂಚದಲ್ಲಿ ಕೂತು
ಚೀಲದಿಂದ ಹಾಳೆ ತೆಗೆದೆ.
ಹನ್ನೊಂದು ಪುಟ. ಅಚ್ಚಾಗಲು ಎರಡು ವರ್ಷ ಹಿಡಿಯಿತು.
"ನಿಮ್ಮದೇ," ಅಂದೆ. "ಆವತ್ತು ಕೊಟ್ಟಿರಲ್ಲ, ಆ ಉಚ್ಚೆ."
ನಕ್ಕರು.

ನಾನು ಲ್ಯಾಬಿನವನು, ಶೀಶೆಗೆ ಟೇಪು ಅಂಟಿಸುವವನು.
ಮೊದಲ ಪದಕ್ಕೇ ಎಡವಿದೆ.
ನಿರ್ಜಲೀಕರಣ, ಅಂದೆ.
"ಅದ್ಯಾವ ಊರಿನ ಡ್ಯಾಮು ಮಾರಾಯ್ರೆ?"
ಕೇಳಿದ ಬಸ್ ಡ್ರೈವರ್ ಇದಿನಬ್ಬ.

ಸರಿ, ಪದ ಬಿಟ್ಟು ಮೂರು ಲೋಟ ತರಿಸಿದೆ.
ಒಂದರಲ್ಲಿ ನಿಂಬೆ ಹಿಂಡಿದ ನೀರು,
ಒಂದರಲ್ಲಿ ಸುಲೈಮಾನಿ,
ಇನ್ನೊಂದರಲ್ಲಿ ಬೆಳಗಿನಿಂದ ಕೂತು ಕಡುವಾದ ಅದೇ ಸುಲೈಮಾನಿ.
"ಕಕ್ಕಸಿನಲ್ಲಿ ಇದು ಕಂಡರೆ ಕುಡಿದದ್ದು ಸಾಕು.
ಇದು ಕಂಡರೆ ಸಾಲ ಶುರುವಾಗಿದೆ.
ಇದು ಕಂಡರೆ ಕಿಡ್ನಿ ತನ್ನನ್ನೇ ಹಿಂಡಿಕೊಳ್ಳುತ್ತಿದೆ."
ಈಗ ಯಾರೂ ನಗಲಿಲ್ಲ.
ಮೌನೇಶ ಮೂರನೇ ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದು
ಬಹಳ ಹೊತ್ತು ನೋಡಿದ, ಗುರುತಿನವರನ್ನು ನೋಡುವ ಹಾಗೆ.

ಆಮೇಲೆ ಗ್ರಾಫು. ನಲವತ್ತು ಚುಕ್ಕಿ.
ಚುಕ್ಕಿ ನಿಮ್ಮವು, ಎಳೆ ಡಾಕ್ಟರದು, ಅಂದೆ.
ಕಾರಟಗಿಯ ಹುಲಗಪ್ಪ, ಸ್ಕ್ಯಾಫೋಲ್ಡಿಂಗ್ ಕಟ್ಟುವವನು, ಬಗ್ಗಿದ:
"ಇದರಾಗ ನಾ ಎಲ್ಲಿ ಅದೀನ್ರಿ?"
ಹೆಸರಿಲ್ಲ, ನಂಬರಷ್ಟೇ.
"ಹದಿನೇಳು. ಟೇಪಿನ ಮ್ಯಾಲೆ ನೀವ ಬರದಿದ್ರಿ."

ಹುಡುಕಿದೆ. ಎಳೆಯ ಹತ್ತಿರ ಎಲ್ಲೂ ಇಲ್ಲ.
ಕೆಳಗೆ, ಒಂಟಿಯಾಗಿ, ಒಂದು ಟೊಳ್ಳು ಚುಕ್ಕಿ,
ನಿಂಬೆನೀರಿನಷ್ಟು ತಿಳಿ.
ಅಡಿಟಿಪ್ಪಣಿಯ ಸಣ್ಣಕ್ಷರ: ಒಂದು ಮಾದರಿಯನ್ನು ಕೈಬಿಡಲಾಗಿದೆ,
ಅಳತೆಯ ದೋಷವಿರಬಹುದು.
ದೋಷ ಎಂದರೆ ನನ್ನ ಕೈ.
ಎರಡು ವರ್ಷ ಅದನ್ನು ಹೊತ್ತು ತಿರುಗಿದ್ದೆ.

ಹುಲಗಪ್ಪ ಚಾಪೆಯ ಅಂಚು ಕೀಳುತ್ತಿದ್ದ.
"ಅವತ್ತು ನನಗ ಬರಲೇ ಇಲ್ರಿ. ಒಂದು ಹನಿ ಇಲ್ಲ.
ನೀವು ಹೊರಗ ಕಾಯಾಕ್ಹತ್ತಿದ್ರಿ. ನಾಚಿಕಿ ಆತು.
ಇದಿನಬ್ಬನ ಕೈಯಾಗ ಶೀಶೆ ಕೊಟ್ಟೆ."
ದಿನವಿಡೀ ಎಸಿ ಬಸ್ಸಿನಲ್ಲಿ ಕೂರುವ ಇದಿನಬ್ಬ
ತಲೆ ತಗ್ಗಿಸಿದ.

ಹಾಗಾದರೆ ನಲವತ್ತರಲ್ಲಿ ಎಲ್ಲರಿಗಿಂತ ಒಣಗಿದವನು
ನಮ್ಮ ಲೆಕ್ಕದಲ್ಲಿ ಎಲ್ಲರಿಗಿಂತ ತಂಪಾಗಿದ್ದ,
ಆಮೇಲೆ ಲೆಕ್ಕದಲ್ಲೇ ಇರಲಿಲ್ಲ.

ಮಸ್ಕತ್ತಿನ ಡಾಕ್ಟರಿಗೆ ತಿಳಿಸಬೇಕು. ಪೆನ್ನು ತೆಗೆದೆ.
"ಮೊದಲು ಕನ್ನಡದಾಗ ಬರೀರಿ," ಅಂದ ಹುಲಗಪ್ಪ,
"ಏನ್ ಹೇಳಾಕ್ಹತ್ತೀರಿ ಅಂತ ನನಗೂ ಗೊತ್ತಾಗಲಿ."
ಬರೆದೆ: ಹದಿನೇಳು, ಆ ದಿನ ಮೂತ್ರವಿರಲಿಲ್ಲ.
ಅವನು ಒತ್ತಕ್ಷರಕ್ಕೆ ನಿಂತು ನಿಂತು ಓದಿದ.
ಪೆನ್ನು ಇಸಕೊಂಡ.
ನಂಬರಿನ ಮೇಲೆ ಗೀಟು ಎಳೆದು
ಹೆಸರು ಬರೆದ.