ಎಂಟು ಎಂಟು ಮೂರು ಏಳು ಏಳು

ಫೋನಿನಲ್ಲಿ ಆಕೆ ಮೊದಲು ಕೇಳಿದ್ದೇ ಇದು:
‘ಆಸ್ಪತ್ರೆಯಲ್ಲಿ ನಾನು ಮೀನು ತಿಂದಿಲ್ಲವಲ್ಲ,
ಬಿಲ್ಲಿನಲ್ಲಿ ಫಿಶ್ ಅಂತ ಯಾಕೆ ಹಾಕಿದ್ದೀರಿ?
ಅದೂ ಎರಡು ಸಲ.’

ಡುಲೂತಿನಲ್ಲಿ ಆಗ ಮಾರ್ಚ್.
ಸರೋವರದ ಮಂಜುಗಡ್ಡೆ ದಂಡೆ ಬಿಟ್ಟು ಹೊರಟು
ಮಧ್ಯಾಹ್ನಕ್ಕೆ ಮನಸ್ಸು ಬದಲಿಸಿ ವಾಪಸು ಬಂದಿತ್ತು.
ನಾನು ಲ್ಯಾಬಿನ ಎರಡನೇ ಮಹಡಿಯಲ್ಲಿ, ಹೀಟರಿನ ಪಕ್ಕ,
ಹತ್ತೊಂಬತ್ತು ವರ್ಷದಿಂದ
ಯಾರದೋ ಮೈಯ ಚೂರಿಗೆ
ಐದಂಕಿಯ ನಾಮಕರಣ ಮಾಡುತ್ತ ಕೂತವಳು.

ನಗು ಬಂತು, ನುಂಗಿಕೊಂಡೆ.
ಅದು ಮೀನಲ್ಲ, ಲೆಂಪಿ ಹೌಟಾಲ ಅವರೇ,
ನಾಲಿಗೆ ಹೊರಳದ ಉದ್ದ ಹೆಸರೊಂದರ ಮೊದಲಕ್ಷರಗಳು ಅಷ್ಟೆ.
ನಿಮ್ಮ ಎಡದೆಯಿಂದ ತೆಗೆದ ತುಣುಕನ್ನು
ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ
ಹೊಳೆಯುವ ಬಣ್ಣ ಕುಡಿಸಿ, ರಾತ್ರಿಯಿಡೀ ಬೆಚ್ಚಗಿಟ್ಟು
ಬೆಳಿಗ್ಗೆ ಜೀನು ಎಣಿಸುವುದು.

‘ಓ’ ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು:
‘ನಮ್ಮ ಮನೆಯವರು ನಲವತ್ತು ವರ್ಷ ಈ ನೀರಿಗೆ ಬಲೆ ಹಾಕಿದವರು.
ಹೆರಿಂಗ್. ತಕ್ಕಡಿ ಹಿಡಿಯುವುದು ನನ್ನ ಪಾಲು.
ನಾನೂ ಎರಡು ಸಲ ತೂಗುತ್ತಿದ್ದೆ ಕಣಮ್ಮ,
ದುಡ್ಡು ಮಾತ್ರ ಒಂದೇ ಸಲ ತಗೋತಿದ್ದೆ.’

ಕಡತ ತೆರೆದೆ.
ಎಂಟು ಎಂಟು ಮೂರು ಆರು ಎಂಟು, ಒಂದು.
ಕೆಳಗೆ ಮತ್ತೆ ಅದೇ, ಇನ್ನೊಂದು.
ಕೆಂಪಿಗೊಂದು ಹಸಿರಿಗೊಂದು ಬಿಲ್ಲು,
ಒಂದೇ ಗಾಜಿನ ಮೇಲೆ, ಒಂದೇ ಕತ್ತಲೆಯಲ್ಲಿ
ಜೊತೆಗೇ ಹೊಳೆದ ಎರಡು ಬಣ್ಣಕ್ಕೆ.
ನಿಯಮ ಗೊತ್ತಿಲ್ಲದ್ದಲ್ಲ:
ಕೂಡಿ ಹಚ್ಚಿದ್ದನ್ನು ಕೂಡಿಯೇ ಬರೆಯಬೇಕು,
ಆರು ಎಂಟು ಅಲ್ಲ, ಏಳು ಏಳು. ಒಂದೇ ಸಲ.
ವಿಮೆಯವರು ತಿರಸ್ಕರಿಸಿದ್ದು ಸರಿ.
ಶುಕ್ರವಾರ ಸಂಜೆ ಐದಕ್ಕೆ ಹತ್ತು ನಿಮಿಷವಿದ್ದಾಗ
ಆ ಸಾಲು ತುಂಬಿದವರ ಸಹಿ ನೋಡಿದೆ.
ನನ್ನದೇ.

ನೀರೊಳಗಿನ ಮೀನಿನ ಹೆಜ್ಜೆ ಯಾರಿಗೂ ಕಾಣದು ಅನ್ನುತ್ತಾರೆ.
ಕೆಳಗೆ ಪಾ ನ್ಯಾ ಕಾಣುತ್ತಾಳೆ.
ದೀಪವಾರಿಸಿದ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಹಣೆಯೊತ್ತಿ,
ನೀಲಿ ಕೊಳದಂಥ ಒಂದೊಂದು ಕೋಶಕೇಂದ್ರದಲ್ಲಿ
ಕೆಂಪು ಎಷ್ಟು, ಹಸಿರು ಎಷ್ಟು,
ತುಟಿಯಲ್ಲೇ ಹ್ಮಾಂಗ್ ಭಾಷೆಯಲ್ಲಿ ಎಣಿಸುತ್ತಾಳೆ,
ಇಪ್ಪತ್ತು ಕೋಶ, ಅನುಮಾನವಿದ್ದರೆ ಮತ್ತಿಪ್ಪತ್ತು.
ಎರಡಕ್ಕೆ ಎರಡಾದರೆ ಆ ಪುಟ ಮುಗಿಯಿತು.
ಕೆಂಪು ಹೆಚ್ಚಾದರೆ ರೋಗವೂ ಉಗ್ರ, ಅದಕ್ಕೆಂದೇ ಒಂದು ಔಷಧಿಯೂ ಉಂಟು.
ಯಾವುದಕ್ಕೆ ಹರಕೆ ಹೊರಬೇಕೋ
ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ವರದಿಯಲ್ಲಿ ನನಗೆ ಬೇಕಾದ್ದು ಮೇಲಿನ ಮೂರು ಸಾಲು:
ಎಷ್ಟು ಮಾದರಿ, ಎಷ್ಟು ಬಣ್ಣ, ಕೈಯೆಣಿಕೆಯೋ ಯಂತ್ರದ್ದೋ.
ಅದರ ಕೆಳಗೆ ಕಣ್ಣು ಹಾಯಿಸುವುದಿಲ್ಲವೆಂದು
ಮೊದಲ ವರ್ಷವೇ ಆಣೆಯಿಟ್ಟುಕೊಂಡಿದ್ದೆ.
ಇವತ್ತು ಜಾರಿತು ಕಣ್ಣು.

‘ಹಾಗಾದರೆ ಲೆಕ್ಕ ಎಷ್ಟು ಬಂತು?’ ಅಂದಳು ಲೆಂಪಿ.

ಇನ್ನೂರ ಹದಿನಾಲ್ಕು ಡಾಲರು ಕಡಿಮೆಯಾಗುತ್ತದೆ, ಅಂದೆ,
ತಿದ್ದಿ ಮತ್ತೆ ಕಳಿಸುತ್ತೇನೆ,
ಹತ್ತು ದಿನದಲ್ಲಿ ಹೊಸ ಕಾಗದ ಬರುತ್ತದೆ,
ಅಲ್ಲಿಯವರೆಗೆ ಏನೂ ಕಟ್ಟಬೇಡಿ.

ಆಕೆ ಕೇಳಿದ್ದು ಅದಲ್ಲ. ನನಗೂ ಗೊತ್ತು, ಆಕೆಗೂ.
ಫೋನಿನ ಆ ತುದಿಯಲ್ಲಿ
ಕೆಟಲ್ ಕುದಿದು ಕೂಗತೊಡಗಿತು,
ಯಾರೂ ಎದ್ದು ಆರಿಸಲಿಲ್ಲ.

‘ಡಾಕ್ಟರು ಮಂಗಳವಾರ ಬಾ ಅಂದಿದ್ದಾರೆ’ ಅಂದಳು ಕೊನೆಗೆ.
ಮಂಗಳವಾರ ಒಳ್ಳೆಯದು, ಅಂದೆ,
ಯಾಕೆ ಹಾಗಂದೆನೋ.