ಬಾಯ್ಲರಿನ ರಸೀದಿ

ಕಾಗದಪತ್ರ ಏನಿದ್ದರೂ ತನ್ನಿ ಅಂದಿದ್ದರು ಫೋನಿನಲ್ಲಿ.
ಬಿಸ್ಕತ್ತಿನ ಡಬ್ಬಿಯನ್ನೇ ಹೊತ್ತು ತಂದಿದ್ದೇನೆ.
ಮುಚ್ಚಳದ ಮೇಲೆ ಕೆಂಪು ಕೋಟಿನ ಸಿಪಾಯಿ,
ಒಳಗೆ ಹತ್ತೊಂಬತ್ತು ವರ್ಷ.

ಗ್ರಿಮ್ಸ್‌ಬಿಯ ಹಳೆ ಮೀನುಬಂದರಿನೆದುರು
ಮಹಡಿ ಮೇಲಿನ ಕೋಣೆ.
ವಕೀಲೆ ಮಿಸ್ ಬ್ಲಾಂಚರ್ಡ್‌ಗೆ ನನ್ನ ಮಗಳ ವಯಸ್ಸು,
ಮಗಳಿದ್ದಿದ್ದರೆ.
ಮೊದಲ ಅರ್ಧ ಗಂಟೆ ಪುಕ್ಕಟೆ.
ಗಡಿಯಾರ ನನ್ನ ತಲೆಯ ಹಿಂದೆ;
ಅವಳ ಕಣ್ಣಲ್ಲೇ ಹೊತ್ತು ನೋಡಿಕೊಳ್ಳಬೇಕು.

"ಮದುವೆ?"
"ಇಲ್ಲ. ಆದರೆ ಇಷ್ಟು ವರ್ಷ ಜೊತೆಗಿದ್ದರೆ
ಹೆಂಡತಿಯ ಲೆಕ್ಕವೇ ಅಲ್ಲವೇ, ಎಲ್ಲರೂ ಅನ್ನುತ್ತಾರೆ."
"ಎಲ್ಲರೂ ಅನ್ನುತ್ತಾರೆ," ಅಂದಳು, ಮೆತ್ತಗೆ,
"ಕಾನೂನೊಂದು ಬಿಟ್ಟು."

ರಸೀದಿಗಳನ್ನು ಎರಡು ರಾಶಿ ಮಾಡತೊಡಗಿದಳು,
ಶೆಡ್ಡಿನಲ್ಲಿ ನಾನು ಹ್ಯಾಡಕ್ ಮೀನು ವಿಂಗಡಿಸುವ ಹಾಗೆ,
ಬೆರಳಿಂದಲೇ.
ಕಿಟಕಿ ಪರದೆ: ಎಡಕ್ಕೆ.
ಅವನ ತಾಯಿಯ ಗಾಲಿಕುರ್ಚಿ: ಎಡಕ್ಕೆ.
ವಾರ ವಾರದ ಆಲೂಗಡ್ಡೆ, ಹಾಲು, ನಾಯಿಯ ಮದ್ದು,
ಎಡಕ್ಕೆ, ಎಡಕ್ಕೆ.
ತಿಂದದ್ದು ಲೆಕ್ಕಕ್ಕಿಲ್ಲವಂತೆ.
ಅವನ ಸಂಬಳ ಇಟ್ಟಿಗೆಗೆ ಹೋಗಲೆಂದು
ನನ್ನದು ಒಲೆಗೆ ಹೋಯಿತು.
ಇಟ್ಟಿಗೆ ನಿಂತಿದೆ, ಅವನ ಹೆಸರಲ್ಲಿ.
ಬೇಯಿಸಿದ್ದು ಅರಗಿಹೋಗಿದೆ.

ಬಲಕ್ಕೆ ಒಂದೇ ಚೀಟಿ. ಬಾಯ್ಲರಿನದು.
ಎರಡು ಸಾವಿರದ ಇನ್ನೂರ ಹತ್ತು ಪೌಂಡು, ನನ್ನ ಸಹಿ.
"ಇದನ್ನಿಟ್ಟುಕೊಂಡು ವಾದಿಸಿ ನೋಡಬಹುದು.
ಗೆಲ್ಲುತ್ತೀರಿ ಅಂತಲ್ಲ."
ತಂಗಿಯ ಮನೆಯ ಸೋಫಾದ ಮೇಲೆ
ಈಗಲೂ ಐದಕ್ಕೇ ಎಚ್ಚರಾಗುತ್ತದೆ ನನಗೆ.
ಅಲ್ಲಿ ಆ ಹೊತ್ತಿಗೆ ಬಾಯ್ಲರು ತಾನಾಗಿ ಹೊತ್ತಿಕೊಳ್ಳುತ್ತದೆ,
ನನ್ನ ಪಾಳಿಗೆ ತಕ್ಕಂತೆ ನಾನೇ ಇಟ್ಟ ಹೊತ್ತು.
ಬದಲಿಸುವುದು ಹೇಗೆಂದು ಅವನಿಗೆ ಗೊತ್ತಿಲ್ಲ.

ಮನೆ ಕಟ್ಟಿ ನೋಡಲಿಲ್ಲ, ಮದುವೆಯಾಗಿ ನೋಡಲಿಲ್ಲ,
ಇದ್ದು ನೋಡಿದೆ.

ಪೆನ್ನಿನ ಟೋಪಿ ತೆಗೆದು ಕೇಳಿದಳು:
"ಈ ಮನೆ ನಿನ್ನದೂ ಹೌದು ಅಂತ
ರಸೆಲ್ ಯಾವತ್ತಾದರೂ ಹೇಳಿದ್ದರೇ?
ಯಾವ ದಿನ, ಎಲ್ಲಿ, ಯಾವ ಮಾತಿನಲ್ಲಿ?"

ನಮ್ಮ ಮನೆ ಅನ್ನುತ್ತಿದ್ದ. ಖಂಡಿತ ಅನ್ನುತ್ತಿದ್ದ.
ನಮ್ಮ ನಾಯಿ ಅಂತಲೂ. ನಮ್ಮ ತಂಡ ಮತ್ತೆ ಸೋತಿತು ಅಂತಲೂ.
ಹಂಬರ್ ನದಿಯ ಮೇಲೆ ಮಂಜು ಕವಿದರೆ
ನಮ್ಮ ಹಾಳು ಮಂಜು ಅನ್ನುವವನು.
ಆ ಮಂಜಿನಲ್ಲಿ ನನ್ನ ಪಾಲೆಷ್ಟೋ.

ಒಂದು ಸಲ, ಮೊದಲ ವರ್ಷ, ಬಚ್ಚಲಿಗೆ ಬಣ್ಣ ಹೊಡೆಯುವಾಗ,
ಮೂಗಿಗೆ ಹಸಿರು ಮೆತ್ತಿಕೊಂಡು ಅಂದಿದ್ದ:
"ಪತ್ರಕ್ಕೆ ನಿನ್ನ ಹೆಸರೂ ಹಾಕಿಸಬೇಕು ಮ್ಯಾಕ್ಸೀನ್,
ಮುಂದಿನ ವಾರ."
ನಾನು ಬ್ರಷ್ಷು ತೊಳೆಯುತ್ತಿದ್ದೆ. ನಲ್ಲಿ ಸುರಿಯುತ್ತಿತ್ತು.
ಅಂದನೋ, ಅಂದ ಹಾಗೆ ಕೇಳಿಸಿತೋ.

"ಯಾವ ವಾರ?" ಬರೆದುಕೊಳ್ಳುತ್ತಲೇ ಕೇಳಿದಳು.
"ಹಸಿರು ಬಣ್ಣದ ವಾರ," ಅಂದೆ.
ಅದನ್ನೂ ಬರೆದುಕೊಂಡಳು, ಪಾಪ.
ಆಮೇಲೆ ಅವಳ ಕಣ್ಣು
ನನ್ನ ತಲೆಯ ಹಿಂದಕ್ಕೆ ಹೋಯಿತು.

ಎಡದ ರಾಶಿಯನ್ನು ಡಬ್ಬಿಗೆ ತುಂಬಿದೆ.
ಒಂದು ಚೀಟಿ ಕಮ್ಮಿ ಈಗ.
ಆದರೂ ಮುಚ್ಚಳ ಕೂರಲೊಲ್ಲದು.