ಇಪ್ಪತ್ತೈದು ಕುಳಿ

ಖಾಜಾಹುಸೇನ ಸಾಬರು ಕಿನ್ನಾಳಕ್ಕೆ ಬಂದಾಗ
ನಾನು ಹುಣಸೆಬೀಜ ಅರೆಯುತ್ತಿದ್ದೆ.
ಕರವಸ್ತ್ರದ ಗಂಟು ಬಿಚ್ಚಿ ಮುಂದಿಟ್ಟರು
ಒಂದು ಹಿತ್ತಾಳೆ ಕಾಡತೂಸು, ಹೊಟ್ಟೆ ಬರಿದು,
ಬಾಯಿಗೆ ಹಳೆಯ ಹೊಗೆಯ ಕಪ್ಪು.
ಕೇಳುವ ಮೊದಲೇ ಲೈಸೆನ್ಸು ತೆಗೆದು ತೋರಿಸಿದರು,
ಪರವಾನಗಿಯ ಮೇಲಿನ ಮೊಹರು ತೋರಿಸಿದರು.
ಮುನಿರಾಬಾದಿನ ಬೆಟಾಲಿಯನ್ನಿನಲ್ಲಿ ಇಪ್ಪತ್ತೆಂಟು ವರ್ಷ
ಕೋವಿ ರಿಪೇರಿ ಮಾಡಿದವರಿಗೆ
ಕಾಗದ ತೋರಿಸುವುದು ಕೆಮ್ಮಿದಷ್ಟೇ ರೂಢಿ.

"ಇವು ನಿಂದ್ರಾಕ ಒಂದು ಮಣಿ ಬೇಕವ್ವಾ.
ಐದೈದ್ಲೆ ಇಪ್ಪತ್ತೈದು ಕುಳಿ."
"ದೇವರ ಮಣಿ ಮಾಡ್ತೀವ್ರಿ, ಮದ್ದಿನ ಮಣಿ ಮಾಡಿಲ್ಲ."
"ಕುಳಿಗೇನು ಗೊತ್ತವ್ವಾ, ಒಳಗ ನಿಂತಾಂವ ಯಾರಂತ."

ಮನೆಯಲ್ಲಿ ಹಳದಿ ಪ್ಲಾಸ್ಟಿಕ್ಕಿನದೊಂದು ಇತ್ತಂತೆ,
ಒಣ ಚಳಿಗೆ ಮದ್ದಿನ ಹರಳು
ಅದರ ಮೈಗೆ ಅಂಟಿ ಬಿಡುವುದಿಲ್ಲವಂತೆ.
ತಗಡಿನದು ಬೇಡವೇ ಬೇಡ. ಯಾಕೆಂದರೆ
ಸುಮ್ಮನೆ ಒಂದು ಚಿಟಿಕೆ ಹೊಡೆದರು.
ನಮ್ಮ ಪೊಳಕಿ ಮರ ಕೈಯಲ್ಲಿ ತೂಗಿ ನಕ್ಕರು:
"ಗೊಂಬಿಗೆ ಚಂದ ಇದು. ಮೊಣಕೈ ತಾಗಿದ್ರ ಹಾರಿ ಹೋಗ್ತೈತಿ."
ಹಿತ್ತಿಲಲ್ಲಿ ಜಾಲಿಯ ದಿಮ್ಮಿಯೊಂದು ಬಿದ್ದಿತ್ತು,
ಹಳೇ ಬಂಡಿ ಬಿಚ್ಚಿದಾಗ ಉಳಿದದ್ದು.
ಎತ್ತಿದರು.
ತೋಳು ಒಪ್ಪಿಕೊಂಡಿತು.

ನಮ್ಮವರು ಮೇಳಕ್ಕೆ ಹೋಗಿದ್ದರು, ಬೈರಿಗೆ ನಾನೇ ಹಿಡಿದೆ.
ಮೊದಲನೆಯದು ಕೆಟ್ಟಿತು. ಕುಳಿ ಒಂದು ನೂಲು ಅಗಲವಾಗಿ
ಕಾಡತೂಸು, ಮದುವೆಯಲ್ಲಿ ಉಂಡ ಬೀಗನ ಹಾಗೆ, ವಾಲಿತು.
"ವಾಲಿದ್ರ ಮಟ್ಟ ಸುಳ್ಳು ಹೇಳ್ತೈತಿ" ಅಂದರು.
ಎರಡನೆಯದು ಬಿಗಿ. ಎಳೆದರೆ ಮಣೆಯೇ ಎದ್ದು ಬಂತು.
ಉಜ್ಜುಕಾಗದ ಬೆರಳಿಗೆ ಸುತ್ತಿ
ಇಪ್ಪತ್ತೈದರೊಳಗೂ ತಿರುವಿದೆ, ಎರಡು ಸಂಜೆ.

ಒಯ್ಯುವ ದಿನ ಕೂತು ಮಾಡಿ ತೋರಿಸಿದರು,
ಮದ್ದಿನ ಬದಲು ಹಿಡಿ ನವಣೆ.
"ಬರಿದಾದವು ಬೋರಲು. ತುಂಬಿದವು ಬಾಯಿ ಮ್ಯಾಲೆ.
ಒಂದು ಎತ್ತು, ತುಂಬು, ಇಡು. ಆಮ್ಯಾಲೆ ಇನ್ನೊಂದು.
ನಡುವ ಯಾರರ ಕರದ್ರು ಅನ್ನು,
ಬಂದು ತಲಿ ಕೆರಕೋಬ್ಯಾಡ. ಮಣಿ ನೋಡು."
ಕೊನೆಗೆ ಕಿಟಕಿಯ ಬಿಸಿಲಿಗೆ ಮಣೆ ಸರಿಸಿ
ಸಾಲು ಹಿಡಿದು ಒಂದೊಂದರ ಬಾಯೊಳಗೆ ಇಣುಕಿದರು,
ಬಾವಿಯಲ್ಲಿ ನೀರೆಷ್ಟು ಎಂದು ಬಗ್ಗಿದವರಂತೆ.
ನಾಲ್ಕನೇ ಸಾಲು, ಎರಡನೆಯದು:
ನವಣೆ ಕಂಠದವರೆಗೆ.
ಬೇಕಂತಲೇ ಎರಡು ಸಲ ಸುರಿದಿದ್ದರು.
"ಕಂಡ್ಯೇನವ್ವಾ?"
ಕಂಡಿರಲಿಲ್ಲ.
ನಾನು ನೋಡುತ್ತಿದ್ದದ್ದು ಅವರ ಎಡಗೈಯ ಉಂಗುರಬೆರಳು,
ನಡುಗೆಣ್ಣಿಗೇ ಮುಗಿದದ್ದು.
ಅದರ ಕಥೆ ಅವರು ಹೇಳಲಿಲ್ಲ. ನವಣೆಯನ್ನೆಲ್ಲ
ಚೀಲಕ್ಕೆ ಸುರಿದು, ಮತ್ತೆ ಮೊದಲಿಂದ ಬೋರಲು ಹಾಕಿದರು.

ನಮ್ಮ ಮನೆಯಲ್ಲಿ ಮದ್ದು ಅಂದರೆ ಅತ್ತೆಯ ಬಿಪಿ ಗುಳಿಗೆ.
ನುಂಗಿದೆನೋ ಇಲ್ಲವೋ, ದಿನಾ ನನ್ನನ್ನೇ ಕೇಳುತ್ತಾರೆ.

ಚುನಾವಣೆ ಬಂತು, ಸಾಬರ ಕೋವಿ ಠಾಣೆ ಸೇರಿತು.
ದಾಳಿಂಬೆ ತೋಟಕ್ಕೆ ಹಂದಿ ನುಗ್ಗಿದವಂತೆ,
ಎಣ್ಣೆ ಡಬ್ಬಿ ಬಡಿದು ಓಡಿಸಿದರಂತೆ.
ಮಣೆಯ ಮೇಲೆ ಬಟ್ಟೆ ಮುಚ್ಚಿದೆ, ಇಪ್ಪತ್ತೈದೂ ಬೋರಲು,
ಎಂದು ಸಂತೆಯಲ್ಲಿ ಸಿಕ್ಕಾಗ ಹೇಳಿದರು,
ನಾನು ಕೇಳದೆಯೇ.

ಕೆಟ್ಟ ಮಣೆ ನನ್ನಲ್ಲೇ ಉಳಿಯಿತು. ಕುಂಚ ನಿಲ್ಲಿಸುತ್ತೇನೆ,
ಕುಂಚ ವಾಲಿದರೆ ನಷ್ಟವಿಲ್ಲ.
ನಿನ್ನೆ ಮೂವತ್ತು ಗೌರಿಯರಿಗೆ ಕಣ್ಣು ಬರೆಯುವುದಿತ್ತು.
ಬರೆಯದವರು ಗೋಡೆಗೆ ಮುಖ, ಬರೆದವರು ನನ್ನ ಕಡೆಗೆ.
ನಡುವೆ ಅತ್ತೆ ಕರೆದರು.
ಗುಳಿಗೆ ಕೊಟ್ಟು, ನೀರು ಕೊಟ್ಟು, ಅವರ ಸೆರಗು ಒರೆಸಿ ಬಂದೆ.
ಹದಿನೇಳು ಜೊತೆ ಕಣ್ಣು ಬಾಗಿಲನ್ನೇ ನೋಡುತ್ತಿದ್ದವು.
ಹದಿನೆಂಟನೆಯವಳ ಹೆಗಲು ಹಿಡಿದು
ಈ ಕಡೆ ತಿರುಗಿಸಿದೆ.